ಬಿಳಿ ಬಟ್ಟೆಯ ಕಲೆ

"ಇದೂ ಬೇಡ."

ಅವನು ಬಿಳಿ ಬಟ್ಟೆಯ ಸುರುಳಿಯನ್ನು ಮೇಜಿನಾಚೆ ತಳ್ಳಿದ. ಬೆಳಿಗ್ಗೆಯಿಂದ ಇದು ಏಳನೆಯದು. ಜವಳಿ ತಂತ್ರಜ್ಞಾನದಲ್ಲಿ ಪದವಿ, ಹತ್ತೊಂಬತ್ತು ವರ್ಷ ಬಟ್ಟೆ ಪರೀಕ್ಷಿಸುವ ಇದೇ ಮೇಜು, ಇದೇ ದೀಪ. ಈ ಕಾರ್ಖಾನೆಯಲ್ಲಿ ಅವನು ಬೇಡವೆಂದದ್ದನ್ನು ಬೇಕೆನ್ನುವವರಿಲ್ಲ.

ಮಗ್ಗದವಳು ಕದಲಲಿಲ್ಲ. "ಕಲೆ ಎಲ್ಲಿದೆ ಸಾರ್? ತೋರಿಸಿ."

"ಕಣ್ಣು ಕಾಣಲ್ವೇನಮ್ಮಾ? ಇಲ್ಲಿ."

ಬೆರಳಿಟ್ಟ. ಕಪ್ಪು ಚುಕ್ಕೆ ಜಾರಿ ಒಂದು ಗೇಣು ಆಚೆ ನಿಂತಿತು. ಬೆರಳು ಸರಿಸಿದ. ಅದೂ ಸರಿಯಿತು.

"ಏನೂ ಇಲ್ವಲ್ಲ," ಎಂದಳು. ಸುರುಳಿ ಸುತ್ತಿಕೊಳ್ಳುತ್ತ, "ಅಣ್ಣನ ಬಟ್ಟೇಲಿ ಇದ್ದಿದ್ದೂ ಇದೇನಾ?"

ಅವಳ ಅಣ್ಣನೂ ಇಲ್ಲೇ ನೇಯುತ್ತಿದ್ದ. ಹೋದ ತಿಂಗಳು ಆತನ ಬಟ್ಟೆಯನ್ನು ಎಂಟು ದಿನ ಬಿಡದೆ ತಿರಸ್ಕರಿಸಿದವನು ಇವನೇ. ಒಂಬತ್ತನೆಯ ದಿನ ಮ್ಯಾನೇಜರ್ ಆತನನ್ನು ಕೆಲಸದಿಂದ ತೆಗೆದಿದ್ದ.

"ತಲೆ ತಿನ್ಬೇಡ. ಹೋಗು."

ಅವನಿಗೂ ಹೋಗಬೇಕಿತ್ತು. ಹೆಂಡತಿ ಕಣ್ಣಿನ ಡಾಕ್ಟರ ಬಳಿ ಹನ್ನೆರಡಕ್ಕೆ ಸಮಯ ಗೊತ್ತುಮಾಡಿದ್ದಳು. ಎರಡು ವರ್ಷದಿಂದ ಗೊತ್ತುಮಾಡುತ್ತಲೇ ಇದ್ದಳು.

ಡಾಕ್ಟರು ಕಣ್ಣಿಗೆ ಹನಿ ಹಾಕಿಸಿ, ಅರ್ಧ ಗಂಟೆ ಕೂರಿಸಿ, ಬೆಳಕು ಬಿಟ್ಟು ನೋಡಿದರು.

"ಶುಗರ್ ಎಷ್ಟು ವರ್ಷದಿಂದ?"

"ಸ್ವಲ್ಪ ಇದೆ. ನಾನು ಸಿಹಿ ಮುಟ್ಟಲ್ಲ."

"ಮಾತ್ರೆ?"

"ಮರೆತುಹೋಗುತ್ತೆ."

"ನಿಮ್ಮ ಮೈ ಇನ್ಸುಲಿನ್ ಮಾತು ಕೇಳ್ತಿಲ್ಲ. ಸಕ್ಕರೆ ರಕ್ತದಲ್ಲೇ ಉಳಿದು ಕಣ್ಣಿನ ಹಿಂಬದಿಯ ಪರದೆ, ರೆಟಿನಾದ ಸಣ್ಣ ರಕ್ತನಾಳಗಳನ್ನ ಹಾಳುಮಾಡಿದೆ. ಕೆಲವು ಜಿನುಗ್ತಿವೆ. ಹೊಸದಾಗಿ ಹುಟ್ಟಿದ್ದೊಂದು ಒಡೆದು ಕಣ್ಣೊಳಗೆ ರಕ್ತ ಸೋರಿದೆ. ಕಣ್ಮುಂದೆ ಕಪ್ಪು ಚುಕ್ಕೆ ತೇಲುತ್ತಾ?"

"ಅದು ಬಟ್ಟೇಲಿತ್ತು."

"ಏನು?"

"ಏನಿಲ್ಲ. ನೋವೇ ಇಲ್ವಲ್ಲ ಡಾಕ್ಟ್ರೇ!" ಎಂದು ಹರಿಹಾಯ್ದ.

"ನೋವಿದ್ದಿದ್ರೆ ಬೇಗ ಬರ್ತಿದ್ರಿ. ಈ ವಾರವೇ ಲೇಸರ್ ಮಾಡ್ಬೇಕು. ಇರೋದನ್ನ ಉಳಿಸ್ಕೋಬಹುದು. ಹೋಗಿರೋದು ವಾಪಸ್ ಬರುತ್ತೆ ಅಂತ ಹೇಳಲಾರೆ. ಸಂಜೆವರೆಗೂ ಮಂಜಾಗಿರುತ್ತೆ, ಮನೆಗೆ ಹೋಗಿ."

ಬೀದಿಯ ಬಿಸಿಲು ಕಣ್ಣಿಗೆ ರಾಚಿತು. ಗೋಡೆಗೊರಗಿ, ಅಂದಾಜಿನಲ್ಲಿ ಗುಂಡಿಯೊತ್ತಿ, ಮ್ಯಾನೇಜರಿಗೆ ಫೋನ್ ಮಾಡಿದ.

"ಆ ನೇಕಾರನ ಬಟ್ಟೇಲಿ ಕಲೆ ಇರ್ಲಿಲ್ಲ. ನನ್ನ ಕಣ್ಣಲ್ಲಿತ್ತು."

ಆ ಕಡೆ ಕೆಮ್ಮು. "ಅದು ಮುಗಿದ ವಿಷಯ ಕಣ್ರೀ. ಈಗ ಬಾಯಿಬಿಟ್ರೆ ಮೊದಲು ಹೋಗೋರು ನೀವು. ಗೊತ್ತಾಯ್ತಾ?"

"ಗೊತ್ತಾಯ್ತು."

ಅಷ್ಟು ಬೇಗ ಗೊತ್ತಾದದ್ದಕ್ಕೆ ಅವನಿಗೆ ತನ್ನ ಮೇಲೆಯೇ ರೇಗಿತು.

ಮನೆಗೆ ಹೋದರೆ ಹೆಂಡತಿ ಕೇಳುತ್ತಾಳೆ. ಕಾರ್ಖಾನೆಗೇ ಮರಳಿದ. ಮಗ್ಗದವಳು ಸುರುಳಿಗಳನ್ನು ಹೊತ್ತು ಬಂದಳು. ದೀಪದಡಿ ಬಟ್ಟೆ, ಮೇಜು, ಅವನದೇ ಕೈ, ಎಲ್ಲ ಒಂದೇ ಬಿಳುಪು.

"ಚೆನ್ನಾಗಿದೆ," ಎಂದು ಮುದ್ರೆಯೊತ್ತಿದ. ಎರಡನೆಯದಕ್ಕೂ ಒತ್ತಿದ. ಉಪಕಾರ ಮಾಡುತ್ತಿರುವವನ ಗತ್ತು ತಾನಾಗಿಯೇ ಕೈಗೆ ಬಂದಿತ್ತು.

ಮೂರನೆಯದಕ್ಕೆ ಅವಳು ಅಡ್ಡಬಂದಳು. "ಸಾರ್, ಇದು ಮಗ್ಗಕ್ಕೆ ಸಿಕ್ಕಿ ಹರಿದಿದೆ. ಬೇಡ ಅಂತ ಬರೆಸೋಕೇ ತಂದೆ."

"ಎಲ್ಲಿ?"

ಅವಳು ಬಟ್ಟೆಯನ್ನು ಬಿಚ್ಚಿ ಇಬ್ಬರ ನಡುವೆ ಎತ್ತಿ ಹಿಡಿದಳು.

"ಎಲ್ಲಿ ಅಂತ ಕೇಳ್ದೆ!"

ಸಿಡುಕುತ್ತ ಬಟ್ಟೆಯ ಮೇಲೆ ಕೈಯಾಡಿಸಿದ. ಕೈ ಎಲ್ಲೋ ಒಳಗೆ ಹೋಯಿತು, ಮಣಿಕಟ್ಟಿನವರೆಗೆ, ಆಮೇಲೆ ಮೊಣಕೈವರೆಗೆ. ಆಚೆ ಬದಿಯ ಬಿಳುಪಿನಲ್ಲಿ ಅವನ ಬೆರಳುಗಳು ಏನನ್ನಾದರೂ ಹಿಡಿಯಲು ತಡಕಾಡುತ್ತಲೇ ಇದ್ದವು.