ಕೂರದ ಕೈಗವಸು

ನಮ್ಮತ್ತೆ ಕೈಗವಸು ಹೊಲಿಯುವವರು. ಅವರ ಕತ್ತರಿಗೆ ತಪ್ಪೆಂಬುದೇ ಗೊತ್ತಿಲ್ಲ. ಹಾಗಾಗಿ, ಬೆಳಿಗ್ಗೆಯಷ್ಟೇ ಹುಟ್ಟಿದ್ದ ನನ್ನ ಮಗಳ ಕೈಗೆ ಅವರು ಹೊಲಿದು ತಂದ ಗವಸು ಕೂರದೇ ಹೋದಾಗ, ಆಸ್ಪತ್ರೆಯ ಕೋಣೆಯಲ್ಲಿ ಅವರ ಮುಖ ಸಪ್ಪಗಾಯಿತು.

“ಇದೇನೇ ಇದು, ಹೆಬ್ಬೆರಳು ಹೊರಗೇ ಉಳೀತು! ಅಳತೆ ತಪ್ಪಿದ್ನಾ?”

ಅಳತೆ ತಪ್ಪಿರಲಿಲ್ಲ. ಅತ್ತೆಗೆ, ನಾದಿನಿಗೆ, ನನ್ನ ಗಂಡನಿಗೆ ಹೆಬ್ಬೆರಳು ಉಳಿದ ಬೆರಳುಗಳ ಸಾಲಿನಲ್ಲೇ ಶಿಸ್ತಾಗಿ ನಿಂತಿರುತ್ತದೆ. ಗಿರಾಕಿಗಳ ಗವಸಿಗೊಂದು ರಟ್ಟಿನ ಅಚ್ಚಾದರೆ, ಮನೆಯವರ ಗವಸಿಗೆಂದೇ ಬೇರೆ ಅಚ್ಚಿದೆ. ಮೊಮ್ಮಗಳಿಗೂ ಅದನ್ನೇ ಇಟ್ಟು ಕತ್ತರಿಸಿದ್ದರು.

ನಾನು ಪ್ರಯೋಗಾಲಯದಲ್ಲಿ ಕೋಳಿಮೊಟ್ಟೆಯೊಳಗಿನ ಭ್ರೂಣ ನೋಡುವವಳು. ಟಿಬಿಎಕ್ಸ್ ಫೈವ್ ಎಂಬ ಜೀನು ನನಗೆ ಮದುವೆಗೂ ಮೊದಲೇ ಪರಿಚಯ. ಅದು ಮೇಸ್ತ್ರಿಯಿದ್ದಂತೆ, ಬೇರೆ ಜೀನುಗಳಿಗೆ ಕೆಲಸ ಹೇಳುತ್ತದೆ, ಅದೂ ಎರಡು ಕಡೆ: ತೋಳು ಮೂಡುವಲ್ಲಿ, ಹೃದಯದ ಗೋಡೆ ಏಳುವಲ್ಲಿ. ಅದರ ಒಂದು ಪ್ರತಿ ಕೆಟ್ಟರೆ ಬೆರಳೂ ದಾರಿ ತಪ್ಪುತ್ತದೆ, ಗೋಡೆಯಲ್ಲಿ ತೂತೂ ಉಳಿಯಬಹುದು. ಆ ತೂತು ಮುಚ್ಚಿದ ಗಾಯದ ಗುರುತು ನನ್ನ ಗಂಡನ ಎದೆಯ ಮೇಲಿದೆ. ಮಗಳಿಗೂ ಆ ಕೆಟ್ಟ ಪ್ರತಿ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಹೊಟ್ಟೆಯಲ್ಲಿದ್ದಾಗ ಸ್ಕ್ಯಾನಿಗೆ ಮುಷ್ಟಿ ಬಿಡಿಸದ ಹಟಮಾರಿ ಅವಳು. ಹುಟ್ಟಿದ ಮೇಲೆ ಬಿಡಿಸಿ ನೋಡುವ ಧೈರ್ಯ ನನಗಿರಲಿಲ್ಲ.

ಈಗ ಆ ಹೆಬ್ಬೆರಳು ಗವಸಿನ ಬಾಯಿಗೆ ಅಡ್ಡ ನಿಂತಿತ್ತು. ಬಿಕ್ಕಿದೆ, ಆಮೇಲೆ ನಗು ಉಕ್ಕಿ ಸಿಸೇರಿಯನ್ ಆದ ಹೊಟ್ಟೆ ಹಿಡಿದುಕೊಂಡೆ.

“ಮೆಲ್ಲಗೆ ಕಣೇ! ಹೊಲಿಗೆ ಬಿಚ್ಕೊಂಡ್ರೆ ಆ ಬಟ್ಟೆ ಹೊಲಿಯೋಕೆ ನಂಗೆ ಬರಲ್ಲ,” ಎಂದರು ಅತ್ತೆ.

“ಅತ್ತೆ, ಬೆರಳು ಸರಿಯಾಗಿದೆ!”

“ಸರಿಯಾಗಿರೋದು ನಮ್ಮದು. ಇದು ಸೊಟ್ಟ.”

ಗಂಡ ಎದ್ದು ನಿಂತ. “ಹಾಗಾದ್ರೆ ಹೃದಯ?”

“ಬೆರಳು ನೋಡಿ ಎದೆ ಹೇಳಬಾರದು. ಸ್ಕ್ಯಾನ್ ಆಗ್ಲಿ ತಡಿ,” ಎಂದು ಗಂಭೀರವಾಗಿಯೇ ಹೇಳಿದೆ. ಮಲಗಿದಲ್ಲೇ ಕಾಲು ಕುಣಿಯುತ್ತಿತ್ತು.

ಮಕ್ಕಳ ಡಾಕ್ಟರಮ್ಮ ಯಂತ್ರ ತಳ್ಳಿಕೊಂಡು ಬಂದರು. ಪರದೆಯ ಮೇಲೆ ನೆಲ್ಲಿಕಾಯಿಯಂಥ ಹೃದಯ ಪಟಪಟ ಬಡಿಯಿತು. ಡಾಕ್ಟರಮ್ಮ ಕೊರಳು ಕೊಂಕಿಸಿ ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು.

“ಇರಬಾರದ ತೂತು ಒಂದೂ ಇಲ್ಲ. ರಕ್ತಪರೀಕ್ಷೆಗೂ ಕಳಿಸೋಣ, ಆದ್ರೆ ನನಗೇನೂ ಅನುಮಾನ ಇಲ್ಲಮ್ಮ.”

ಗಂಡ ಆ ಯಂತ್ರಕ್ಕೇ ಕೈಮುಗಿದ. ಅದರ ತಂತಿಗೆ ಕಾಲು ಸಿಕ್ಕಿಸಿಕೊಂಡು ಮುಗ್ಗರಿಸಿ, ಬಿದ್ದೇಳುತ್ತಲೇ ಕುಣಿದ. ಅತ್ತೆ ಮಾತ್ರ ಚೀಲದಿಂದ ಸೂಜಿ ತೆಗೆದು ಗವಸಿನ ಹೆಬ್ಬೆರಳು ಬಿಚ್ಚತೊಡಗಿದ್ದರು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

“ನೋಡೋ, ಮನೆ ಮಗಳು ಗಿರಾಕಿ ಆಗ್ಬಿಟ್ಲು!”