ಎಡಗೈಯ ರೂಢಿ

ಬಳ್ಳಾರಿಯಿಂದ ಕುರುಗೋಡಿಗೆ ಹೋಗುವ ರಸ್ತೆಯಲ್ಲಿ ಊರುಗಳಿಗಿಂತ ಹಂಪುಗಳೇ ಹೆಚ್ಚು. ಶಾಲೆಯ ಮುಂದೊಂದು, ಗುಡಿಯ ಮುಂದೊಂದು, ಯಾರೋ ದೊಡ್ಡವರ ಮನೆಯ ಮುಂದೆ ಸುಮ್ಮನೆ ಒಂದು. ಬಸ್ ಡ್ರೈವರುಗಳಿಗೆ ಅವುಗಳ ಮೇಲೆ ಅದೇನು ಸೇಡೋ, ನಿಧಾನ ಮಾಡಿದರೆ ತಮ್ಮ ಮರ್ಯಾದೆ ಹೋದೀತು ಎಂಬಂತೆ ಹಾರಿಸಿಕೊಂಡು ಹೋಗುತ್ತಾರೆ. ಅಂಥದೊಂದು ಬಸ್ಸಿನ ಕಿಟಕಿಯ ಪಕ್ಕ ನೌಕಾಪಡೆಯ ಕಮಾಂಡರ್ ಶಶಿಕಾಂತ್ ಕತ್ತಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ. ಪಕ್ಕದಲ್ಲಿ ಹೆಂಡತಿ ಸೌಂದರ್ಯ. ಕತ್ತು ಸರಿಯಾಗುವವರೆಗೆ ಸ್ಟಿಯರಿಂಗ್ ಮುಟ್ಟಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಬಸ್ಸು ಹತ್ತಿದ್ದರು. ಮೊದಲು ಕುರುಗೋಡಿನಲ್ಲಿ ಅವಳ ತವರು, ಅಲ್ಲಿಂದ ಸಿರುಗುಪ್ಪದಲ್ಲಿ ಅವನ ಮನೆ.

ಶಶಿಕಾಂತ್ ಫೈಟರ್ ವಿಮಾನ ಹಾರಿಸುವವನು, ಅದರಲ್ಲೂ ಟೆಸ್ಟ್ ಪೈಲಟ್. ಇನ್ನೂ ಯಾರೂ ನಂಬದ ಯಂತ್ರವನ್ನು ತಾನು ಮೊದಲು ಹಾರಿಸಿ ನೋಡಿ, ಇದನ್ನು ನಂಬಬಹುದು ಅಥವಾ ನಂಬಬೇಡಿ ಎಂದು ಹೇಳುವುದೇ ಅವನ ಕೆಲಸ. ಹೋದ ತಿಂಗಳು ಅಂಥ ಪರೀಕ್ಷೆಯೊಂದರಲ್ಲಿ ಅವಘಡವಾಗಿತ್ತು. ವಿಮಾನ ಇಳಿಯುವಾಗ ಎಂಜಿನ್ನಿನ ಜೋರನ್ನು ಪೈಲಟ್‌ನ ಬದಲು ಕಂಪ್ಯೂಟರೇ ಏರಿಸಿ ಇಳಿಸುವ ಹೊಸ ವ್ಯವಸ್ಥೆ ಅದು. ಥ್ರಾಟಲ್ ಎಂಬ ಹಿಡಿ ತಾನಾಗಿಯೇ ಹಿಂದೆ ಮುಂದೆ ಸರಿಯುತ್ತದೆ, ಮುಂದೆ ಹೋದಷ್ಟೂ ಎಂಜಿನ್ ಜೋರು, ಪೈಲಟ್ ಎಡಗೈಯನ್ನು ಅದರ ಮೇಲೆ ಸುಮ್ಮನೆ ಇಟ್ಟುಕೊಂಡಿದ್ದರೆ ಸಾಕು. ಅವತ್ತು ಮಳೆಗೆ ತೋಯ್ದ ರನ್‌ವೇಗೆ ಚಕ್ರ ತಾಗಿದ್ದೇ ತಡ, ಎಂಜಿನ್ ತಣ್ಣಗಾಗುವ ಬದಲು ಪೂರ್ತಿ ಜೋರಿನಲ್ಲಿ ಅರಚಿತು. ಶಶಿಕಾಂತ್ ಹಿಡಿಯನ್ನು ಹಿಂದಕ್ಕೆ ಎಳೆಯುವಷ್ಟರಲ್ಲಿ ವಿಮಾನ ರನ್‌ವೇ ದಾಟಿ ಮಣ್ಣಿಗೆ ನುಗ್ಗಿ ಮೂತಿ ಮುರಿದುಕೊಂಡಿತ್ತು. ಅವನ ಕತ್ತು ಉಳುಕಿದ್ದು ಬಿಟ್ಟರೆ ಜೀವಕ್ಕೇನೂ ಆಗಲಿಲ್ಲ.

ಹಿಡಿ ಮುಂದಕ್ಕೆ ಸರಿದದ್ದು ವಿಮಾನದ ರೆಕಾರ್ಡರಿನಲ್ಲಿತ್ತು. ಸರಿಸಿದ್ದು ಕಂಪ್ಯೂಟರೋ ಕೈಯೋ ಎಂಬುದು ಮಾತ್ರ ಅದರಲ್ಲಿರಲಿಲ್ಲ. ಸೋಮವಾರ ವಿಚಾರಣೆ ಮಂಡಳಿಯ ಮುಂದೆ ಶಶಿಕಾಂತ್ ಹೇಳಿಕೆ ಕೊಡಬೇಕಿತ್ತು. ಅವನು ಹೇಳಲಿದ್ದದ್ದು ಒಂದೇ ಮಾತು: ನಾನು ತಳ್ಳಲಿಲ್ಲ. ಅವನು ಹಾಗೆಂದರೆ ಮುಗಿಯಿತು, ಅವನ ಮಾತಿಗೆ ಎದುರು ಕೇಳುವವರಿಲ್ಲ. ಆ ಕಂಪ್ಯೂಟರಿಗೆ ಬುದ್ಧಿ ಕಲಿಸಿದ ಮೀನಾ ಎಂಬ ಎಂಜಿನಿಯರ್ ಹುಡುಗಿಯ ವರ್ಷಗಟ್ಟಲೆ ಕೆಲಸ ಮಣ್ಣುಪಾಲು. ಶಶಿಕಾಂತನಿಗೆ ಅದರ ಬಗ್ಗೆ ಬೇಸರವಿತ್ತು, ಆದರೆ ಅನುಮಾನವಿರಲಿಲ್ಲ.

ಬಸ್ಸು ಇನ್ನೊಂದು ಹಂಪನ್ನು ಹಾರಿತು. ಮುಂದಿನ ಸೀಟಿನಲ್ಲಿ ಚೀಲ ತಬ್ಬಿಕೊಂಡು ಕೂತಿದ್ದ ಮುದುಕಿ ತಿರುಗಿ ನೋಡಿದಳು. ಕಂಡಕ್ಟರು ಅವಳನ್ನು ಪಾರಮ್ಮ ಎಂದು ಹೆಸರು ಹಿಡಿದು ಮಾತಾಡಿಸುತ್ತಿದ್ದ, ಆ ದಾರಿಯ ಕಾಯಂ ಗಿರಾಕಿ.

"ಏ ತಮ್ಮಾ, ಕೈ ಸುಮ್ನ ಇಟ್ಕೊಳಪ್ಪಾ! ಹಂಪ್ ಬಂದಾಗೊಮ್ಮೆ ನನ್ನ ಸೀಟು ದಬ್ತೀಯಲ್ಲ, ಇರೋ ನಾಕು ಹಲ್ಲೂ ಉದುರಿಸ್ತೀಯೇನು?"

"ನಾನಾ? ಇಲ್ಲವ್ವಾ, ನಾ ಎಲ್ಲಿ ದಬ್ಬೀನಿ? ಬಸ್ಸು ಕುಲುಕಿರಬೇಕು."

"ಬಸ್ಸಿಗ್ಯಾಕ ಹೆಸರಿಡ್ತೀಯೋ ಯಪ್ಪಾ?" ಎಂದು ಗೊಣಗಿ ಪಾರಮ್ಮ ಮುಂದಕ್ಕೆ ತಿರುಗಿದಳು. ಶಶಿಕಾಂತ್ ಹೆಂಡತಿಯತ್ತ ನೋಡಿ ನಕ್ಕ. ಆ ನಗುವಿನಲ್ಲಿ ಕಳ್ಳತನ ಎಳ್ಳಷ್ಟೂ ಇರಲಿಲ್ಲ.

ಸೌಂದರ್ಯಳಿಗೂ ನಗು ಬಂತು. ಆದರೂ ಮುಂದಿನ ಹಂಪು ಬರುವಾಗ ಅವಳ ಕಣ್ಣು ತಾನಾಗಿ ಅವನ ಎಡಗೈಯ ಮೇಲೆ ಹೋಯಿತು. ಆ ಕೈ ಮುಂದಿನ ಸೀಟಿನ ಕಬ್ಬಿಣದ ಕಂಬಿಯ ಮೇಲಿತ್ತು. ಬಸ್ಸಿನ ಚಕ್ರ ಧಡಕ್ಕೆಂದು ನೆಲಕ್ಕೆ ಬಿದ್ದ ಕ್ಷಣಕ್ಕೆ ಸರಿಯಾಗಿ ಮುಂಗೈ ಬಿಗಿದು, ತೋಳು ನೆಟ್ಟಗಾಗಿ, ಕಂಬಿಯನ್ನು ಬಲವಾಗಿ ಮುಂದಕ್ಕೆ ದಬ್ಬಿತು. ಅವನು ಕಿಟಕಿಯ ಆಚೆ ಮೆಣಸಿನಕಾಯಿ ಹೊಲ ನೋಡುತ್ತಿದ್ದ. ಅವನಿಗೆ ಗೊತ್ತೇ ಆಗಲಿಲ್ಲ.

ಮದುವೆಯಾದ ಹೊಸತರಲ್ಲಿ ಅವನೇ ಒಮ್ಮೆ ರೊಟ್ಟಿಯ ತಟ್ಟೆ ಮುಂದಿಟ್ಟುಕೊಂಡು ವಿವರಿಸಿದ್ದ. ನೌಕಾಪಡೆಯ ವಿಮಾನ ಹಡಗಿನ ಮೇಲೆ ಇಳಿಯುವ ಜಾಗ ನಮ್ಮಪ್ಪನ ರೈಸ್ ಮಿಲ್ಲಿನ ಅಂಗಳದಷ್ಟು. ವಿಮಾನದ ಬಾಲದ ಕೊಕ್ಕೆ ಹಡಗಿನ ತಂತಿಗೆ ಸಿಕ್ಕರೆ ನಿಂತೆವು. ಸಿಗದಿದ್ದರೆ? ಅದಕ್ಕೇ ಚಕ್ರ ತಾಗಿದ ತಕ್ಷಣ ಎಡಗೈಯಿಂದ ಥ್ರಾಟಲನ್ನು ಪೂರ್ತಿ ಮುಂದೆ ತಳ್ಳಬೇಕು, ತಂತಿ ತಪ್ಪಿದರೆ ಹಾಗೆಯೇ ಮತ್ತೆ ಹಾರಿ ಹೋಗಬಹುದು. ಯೋಚನೆ ಮಾಡುತ್ತ ಕೂತರೆ ಸಮುದ್ರದ ಪಾಲು, ಕೈಗೇ ರೂಢಿಯಾಗಿರಬೇಕು. "ನಿಲ್ಲೋ ಹೊತ್ನ್ಯಾಗ ಜೋರು ಓಡಿಸೋ ಮಂದಿ ನೀವ ನೋಡ್ರಿ" ಎಂದು ಅವಳು ಛೇಡಿಸಿದ್ದಳು.

ಕಾರಿನಲ್ಲಿ ಯಾವಾಗಲೂ ಓಡಿಸುವವನು ಅವನೇ. ಪಕ್ಕದಲ್ಲಿ ಸುಮ್ಮನೆ ಕೂತ ಶಶಿಕಾಂತನನ್ನು ಅವಳು ಇಷ್ಟು ವರ್ಷದಲ್ಲಿ ನೋಡಿದ್ದೇ ಇಲ್ಲ. ಕುರುಗೋಡು ಬರುವವರೆಗೆ ಅವಳು ಆ ಕೈಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅದು ಒಂದು ಹಂಪನ್ನೂ ತಪ್ಪಿಸಲಿಲ್ಲ.

ತವರಿನಲ್ಲಿ ತಾಯಿ ಚನ್ನವೀರಮ್ಮ ಅಳಿಯನ ಕತ್ತಿನ ಪಟ್ಟಿ ನೋಡಿ ಕಣ್ಣೀರು ಹಾಕಿದಳು. "ಬರ್ರಿ ಅಳಿಯಾರ, ದೇವ್ರು ದೊಡ್ಡಾಂವ" ಎಂದು ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಉಂಡವನು ಪಡಸಾಲೆಯಲ್ಲಿ ಅಡ್ಡಾದ ಮೇಲೆ ಅಡುಗೆಮನೆಯಲ್ಲಿ ಮಗಳ ಕಿವಿಗೆ ಬಾಯಿ ಹಚ್ಚಿದಳು.

"ಇನ್ನ ಸಾಕು ಬಿಡವ್ವಾ ಆ ಮುಗಿಲಿನ ಚಾಕರಿ. ಕೆಳಗ ಕುಂತು ಮಾಡೋ ಕೆಲಸ ಕೊಡ್ರಿ ಅಂತ ಕೇಳಾಕ ಹೇಳು."

"ಅವರು ಕೇಳಂಗಿಲ್ಲ, ಯವ್ವಾ."

"ನೀ ಮನಸ್ಸು ಮಾಡಿದ್ರ ಆಗ್ತೈತಿ."

ಚನ್ನವೀರಮ್ಮ ಏನೂ ತಿಳಿಯದೆ ಅಂದ ಮಾತು. ಆದರೆ ಸೌಂದರ್ಯಳಿಗೆ ಮೈ ಉರಿದ ಹಾಗಾಯಿತು. ಮನಸ್ಸು ಮಾಡಿದರೆ ಆಗುತ್ತಿತ್ತು, ನಿಜ. ಹಿಡಿ ತಳ್ಳಿದ ಕೈ ನಿಮ್ಮದೇ ಎಂದು ಒಂದು ಮಾತು ಹೇಳಿದರೆ ಅವನು ಸೋಮವಾರ ಅದನ್ನೇ ಹೇಳುತ್ತಾನೆ. ಆಮೇಲೆ ಅವನಿಗೆ ಟೆಸ್ಟ್ ಫ್ಲೈಯಿಂಗ್ ಎಲ್ಲಿಯದು? ಮುಂದಿನ ವರ್ಷ ಪರೀಕ್ಷಾ ತಂಡಕ್ಕೆ ಇವನೇ ಮುಖ್ಯಸ್ಥ ಎಂದು ಮಾವ ತಿಪ್ಪೇರುದ್ರಪ್ಪ ಸಿರುಗುಪ್ಪದ ಮಿಲ್ಲಿನವರಿಗೆಲ್ಲ ಸಾರಿಬಿಟ್ಟಿದ್ದರು. ಇತ್ತ ಮದುವೆಯಾದಾಗಿನಿಂದ ಅವಳು ದೇವರ ಮುಂದೆ ಕೈ ಮುಗಿದಾಗಲೆಲ್ಲ ಬೇಡಿಕೊಂಡದ್ದು ಒಂದನ್ನೇ: ಇವರು ಕೆಳಗೆ ಇಳಿಯಲಿ. ಈಗ ಹೇಳಿದರೆ ಅದು ನ್ಯಾಯಕ್ಕಾಗಿ ಹೇಳಿದ್ದೋ, ತನ್ನ ಆಸೆಗಾಗಿ ಹೇಳಿದ್ದೋ? ಅವಳಿಗೇ ತಿಳಿಯಲಿಲ್ಲ. ತಿಳಿಯದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಅಷ್ಟರಲ್ಲಿ ಫೋನ್ ಬಂತು, ಮೀನಾ. ಎರಡು ಮೂರು ಸಲ ಮನೆಗೆ ಬಂದು ಹೋಳಿಗೆ ತಿಂದು ಹೋದ ಹುಡುಗಿ.

"ಅಕ್ಕಾ, ಸರ್ ಕತ್ತು ಹೇಗಿದೆ? ರಾತ್ರಿ ನಿದ್ದೆ ಮಾಡ್ತಾರಾ?"

"ಮಾಡ್ತಾರಮ್ಮಾ. ನೀನು?"

"ನಾನು... ಮತ್ತೆ ಮತ್ತೆ ನೋಡ್ತಾನೇ ಇದೀನಿ ಅಕ್ಕಾ. ತಪ್ಪು ಎಲ್ಲಿ ಮಾಡಿದೆ ಅಂತ ಗೊತ್ತಾಗ್ತಿಲ್ಲ. ಸರ್ ಜೀವಕ್ಕೆ ಏನಾದ್ರೂ ಆಗಿದ್ರೆ ನಾನು ಏನು ಮಾಡ್ಬೇಕಿತ್ತು ಹೇಳಿ." ಹುಡುಗಿ ಅಳುತ್ತಿದ್ದಳು. ಹೇಳಿಕೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಇಲ್ಲದ ತಪ್ಪನ್ನು ಅವಳು ತನ್ನೊಳಗೆ ಹುಡುಕುತ್ತಿದ್ದಳು.

ಸೌಂದರ್ಯ ಪಡಸಾಲೆಗೆ ಬಂದು ಮಲಗಿದ್ದ ಗಂಡನನ್ನು ನೋಡಿದಳು. ಈ ಮನುಷ್ಯನಿಗೆ ಇದ್ದದ್ದು ಒಂದೇ ಹೆಮ್ಮೆ, ಯಂತ್ರ ಮಾಡದ್ದನ್ನು ಮಾಡಿತು ಎಂದು ಯಾವತ್ತೂ ಹೇಳಿದವನಲ್ಲ. ಸೋಮವಾರ, ಏನೂ ತಿಳಿಯದೆ, ಅವನು ತನ್ನ ಜೀವಮಾನದ ಮೊದಲ ಸುಳ್ಳನ್ನು ಹೇಳಲಿದ್ದ. ಅದು ಸುಳ್ಳೆಂದು ಗೊತ್ತಿರುವ ಒಬ್ಬಳೇ ಒಬ್ಬಳು ಮನೆಯಲ್ಲಿ ಅವನಿಗೆ ಅನ್ನ ಬಡಿಸಿಕೊಂಡಿರುತ್ತಾಳೆ. ಅದು ತನ್ನ ಕೈಲಾಗದು ಎನಿಸಿತು. ಆಸೆಯೋ ನ್ಯಾಯವೋ, ಆ ಲೆಕ್ಕ ಆಮೇಲೆ.

ಸಿರುಗುಪ್ಪಕ್ಕೆ ಬಸ್ಸು ಬೇಡವೆಂದು ತಮ್ಮ ಉಮಾಪತಿಯ ಹೊಸ ಕಾರನ್ನು ಕೇಳಿ ಪಡೆದಳು. ಹೊರಡುವ ಮೊದಲು ಊರ ಹೋಟೆಲಿನಲ್ಲಿ ಒಂದು ಪೊಟ್ಟಣ ಒಗ್ಗರಣೆ ಕಟ್ಟಿಸಿಕೊಂಡಳು, ಅರಿಶಿನ ಹಚ್ಚಿ ಹಸಿಮೆಣಸಿನಕಾಯಿ ಹಾಕಿದ ಬಿಸಿ ಮಂಡಕ್ಕಿ. ಕಾಗದ ಬಿಚ್ಚಿ ಗಂಡನ ಎಡಗೈಗೆ ಕೊಟ್ಟಳು.

"ಇದನ್ನ ಹಿಡ್ಕೊಳ್ರಿ. ಚೆಲ್ಲಬ್ಯಾಡ್ರಿ, ಉಮಾಪತಿ ಬೈತಾನ."

"ಈಗಷ್ಟ ಉಂಡೀವಲ್ಲ?"

"ನನಗ ಹಸಿವಾದ್ರ ಬೇಕು."

ಬಾದನಹಟ್ಟಿ ಸಮೀಪಿಸುವವರೆಗೆ ಅವನು ತಪ್ಪು ಹುಡುಕಿ ಅವಳ ಡ್ರೈವಿಂಗಿಗೆ ಹೆಸರಿಡುತ್ತಲೇ ಇದ್ದ. ಎದುರು ಹಂಪು ಕಾಣಿಸಿತು. ಸೌಂದರ್ಯ ಬ್ರೇಕ್ ಒತ್ತಲಿಲ್ಲ. ಕಾರು ಎದ್ದು ಬಿತ್ತು.

ಎಡಗೈ ಬಾಣದಂತೆ ಮುಂದಕ್ಕೆ ಹೋಯಿತು. ಒಗ್ಗರಣೆ ಮುಂದಿನ ಗಾಜಿಗೆ ರಾಚಿ, ಡ್ಯಾಶ್‌ಬೋರ್ಡಿನ ತುಂಬ ಹಳದಿ ಮಂಡಕ್ಕಿ ಹರಡಿತು. ಗಾಜಿನ ಮೇಲಿಂದ ಒಂದು ಹಸಿಮೆಣಸಿನಕಾಯಿ ಮೆಲ್ಲಗೆ ಜಾರಿತು.

"ಏನಿದು ಸೌಂದರ್ಯ, ಹಂಗಾ ಹಾರಿಸೋದು?" ಎಂದವನು ಅಲ್ಲಿಗೇ ಮಾತು ನಿಲ್ಲಿಸಿದ. ತೋಳು ಇನ್ನೂ ನೆಟ್ಟಗೆ ಚಾಚಿಕೊಂಡೇ ಇತ್ತು. ಅವನು ಅದನ್ನು ಯಾರದೋ ಕೈ ನೋಡುವಂತೆ ನೋಡಿದ. ಅವಳು ಕಾರನ್ನು ಬದಿಗೆ ನಿಲ್ಲಿಸಿದಳು.

ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಅವನು ಹೇಳಿದ, "ಗಾಡಿ ತಿರುಗಿಸು. ಇನ್ನೊಮ್ಮೆ."

ಕಾಗದದಲ್ಲಿ ಉಳಿದಿದ್ದ ಮಂಡಕ್ಕಿಯನ್ನು ಕೂಡಿಸಿಕೊಂಡು ಎಡಗೈಯಲ್ಲಿ ಹಿಡಿದ. ಈ ಸಲ ಅವನಿಗೆ ಗೊತ್ತಿತ್ತು. ಹಲ್ಲು ಕಚ್ಚಿ, ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದಿದ್ದ. ಕಾರು ಎದ್ದು ಬಿತ್ತು. ಗೊತ್ತಿದ್ದೂ ಕೈ ಹೋಯಿತು. ಮತ್ತೊಮ್ಮೆ ತಿರುಗಿಸು ಎಂದ. ಬರೀ ಕಾಗದ ಉಳಿಯುವವರೆಗೆ ಮಾಡಿ ನೋಡಿದ. ಪರೀಕ್ಷೆ ಅಂದಮೇಲೆ ಅವನು ಅರ್ಧಕ್ಕೆ ಬಿಡುವವನಲ್ಲ.

ಆಮೇಲೆ ಕಾರಿನಿಂದಿಳಿದು ಹೊಲದ ಬದುವಿನ ಮೇಲೆ ನಿಂತ. ದೂರದಲ್ಲಿ ಹೆಂಗಸರು ಮೆಣಸಿನಕಾಯಿ ಬಿಡಿಸುತ್ತಿದ್ದರು. ಸೌಂದರ್ಯ ಹಿಂದೆ ಹೋಗಿ ನಿಂತಳು.

"ಯಾವಾಗಿಂದ ಗೊತ್ತು ನಿನಗ?"

"ಬಸ್ಸಿನ್ಯಾಗ. ಆ ಮುದುಕಿ ಬೈದ್ಲಲ್ಲ, ಆವಾಗಿಂದ."

"ಬಾಯಿಲೆ ಹೇಳಬಹುದಿತ್ತಲ್ಲ."

"ಹೇಳಿದ್ರ ನಂಬ್ತಿದ್ರೇನು? ಮಾಡಿ ನೋಡಿದ್ದನ್ನ ಅಷ್ಟ ನಂಬೋರು ನೀವು."

ಸೌಂದರ್ಯಳಿಗೆ ತಡೆದುಕೊಳ್ಳಲಾಗಲಿಲ್ಲ.

"ಇನ್ನೊಂದು ಮಾತು ಹೇಳ್ತೀನ್ರಿ. ನೀವು ಕೆಳಗ ಇಳೀಲಿ ಅಂತ ನಾ ದಿನಾ ಬೇಡ್ಕೊಂಡೀನಿ. ಅದಕ್ಕ ನಾ ಹಿಂಗ ಮಾಡಿದ್ನೇನೋ ಅಂತ ಹೆದರಿಕಿ ಆಗ್ತೈತಿ."

"ಈಗ ಖುಷಿ ಆತೇನು?" ಅವನ ದನಿಯಲ್ಲಿ ಸಿಟ್ಟಿತ್ತು.

ಸೌಂದರ್ಯ ತನ್ನೊಳಗೆ ಆ ಖುಷಿಯನ್ನು ಹುಡುಕಿದಳು. ಇಷ್ಟು ವರ್ಷ ಬೇಡಿದ ವರ ಕೈಗೆ ಬಂದಿತ್ತು. ಎಲ್ಲಿ ತಡಕಿದರೂ ಖುಷಿ ಸಿಗಲಿಲ್ಲ. ರೆಕ್ಕೆ ಮುರಿದವನ ಹಾಗೆ ಬದುವಿನ ಮೇಲೆ ನಿಂತ ಈ ಗಂಡಸನ್ನು ನೋಡಿ ಅವಳಿಗೆ ಅಳು ಬಂತು, ಅತ್ತಳು. ಅವಳ ಅಳು ನೋಡಿ ಅವನ ಸಿಟ್ಟು ಇಳಿಯಿತು. ಜೇಬಿನಿಂದ ಫೋನ್ ತೆಗೆದ.

"ಮೀನಾ, ಶಶಿಕಾಂತ್ ಮಾತಾಡ್ತಿರೋದು. ನಿಮ್ಮ ಕಂಪ್ಯೂಟರ್ ಸರಿಯಾಗಿದೆ. ತಳ್ಳಿದ್ದು ನನ್ನ ಕೈ... ಇಲ್ಲಮ್ಮಾ, ನೆನಪಾಗಿಲ್ಲ. ಟೆಸ್ಟ್ ಮಾಡಿ ನೋಡ್ದೆ... ಹೇಗೆ ಅಂದ್ರೆ, ಮಂಡಕ್ಕಿ ಹಿಡ್ಕೊಂಡು." ಅವನಿಗೇ ನಗು ಬಂತು, ತಡೆದುಕೊಂಡ. "ಕೇಳಿ, ಹಡಗಿನಿಂದ ಬಂದ ಪೈಲಟ್ ಯಾರೇ ಆದ್ರೂ ಕೈ ಹೀಗೇ ಮಾಡೀತು. ಕೈ ತಳ್ಳಿದ್ರೆ ಕಂಪ್ಯೂಟರಿಗೆ ಗೊತ್ತಾಗೋ ಹಾಗೆ ಮಾಡಿ. ಸೋಮವಾರ ನಾನು ಎಲ್ಲಾನೂ ಹೇಳ್ತೀನಿ. ನೀವಿನ್ನು ನಿದ್ದೆ ಮಾಡಿ."

ಇಬ್ಬರೂ ಬಂದು ಕಾರಿನಲ್ಲಿ ಕೂತರು. ಸೌಂದರ್ಯ ಸೆರಗಿನಿಂದ ಗಾಜು ಒರೆಸಿದಳು, ಅರಿಶಿನ ಇನ್ನಷ್ಟು ಹರಡಿತು. ಸಿರುಗುಪ್ಪದ ಕಡೆಗೆ ಕಾಲುವೆ ಸಿಕ್ಕಿತು, ಗದ್ದೆ ಸಿಕ್ಕಿತು, ರಸ್ತೆಯ ಅಂಚಿನಲ್ಲಿ ಒಣಹಾಕಿದ ಭತ್ತ ಸಿಕ್ಕಿತು. ಮುಂದೆ ಒಂದು ಶಾಲೆ, ಅದರ ಮುಂದೆ ಹಂಪು. ಅವಳು ಗೇರ್ ಇಳಿಸಿ ಕಾರನ್ನು ನಡಿಗೆಯ ವೇಗಕ್ಕೆ ತಂದಳು. ಓರೆಗಣ್ಣಿನಿಂದ ನೋಡಿದರೆ, ಶಶಿಕಾಂತ್ ಬಲಗೈಯಿಂದ ಎಡಗೈಯನ್ನು ತೊಡೆಯ ಮೇಲೆ ಗಟ್ಟಿಯಾಗಿ ಅದುಮಿ ಹಿಡಿದಿದ್ದ, ಕಳ್ಳನನ್ನು ಹಿಡಿದ ಹಾಗೆ.

ಆಗ ಅವಳಿಗೆ ಹೊಳೆದದ್ದು ಬಸ್ಸಿನಲ್ಲೇ ಹೊಳೆಯಬೇಕಿತ್ತು. ಸಮುದ್ರದ ನಡುವಿನ ಆ ಅಂಗಳದಷ್ಟು ಜಾಗದಲ್ಲಿ, ತಂತಿ ತಪ್ಪಿದ ದಿನಗಳಲ್ಲಿ, ಯೋಚನೆಗೂ ಮೊದಲೇ ಮುಂದೆ ಹೋಗಿ ಇವನನ್ನು ಬದುಕಿಸಿದ್ದು ಇದೇ ರೂಢಿ. ಅವನು ಅವನ್ನೆಲ್ಲ ಅವಳಿಗೆ ಹೇಳಿರಲಿಕ್ಕಿಲ್ಲ.

"ಬಿಡ್ರಿ ಅದನ್ನ," ಎಂದಳು.

"ಏನು?"

"ಆ ಕೈ. ಹಿಡೀಬ್ಯಾಡ್ರಿ. ಇಷ್ಟು ವರ್ಷ ನಿಮ್ಮನ್ನ ಮನಿಗೆ ತಂದು ಮುಟ್ಟಿಸಿದ್ದು ಅದ ಅಲ್ಲೇನು?"

ಶಶಿಕಾಂತ್ ಬಲಗೈ ತೆಗೆದ. ಸೌಂದರ್ಯ ಮತ್ತೆ ವೇಗ ಕೊಟ್ಟಳು. ಕಾರು ಹಂಪಿನ ಮೇಲೆ ಎದ್ದು ಬಿತ್ತು, ಎಡಗೈ ಪೂರ್ತಿ ಮುಂದೆ ಹೋಯಿತು. ಅವನು ಅದನ್ನು ಅಲ್ಲೇ ಚಾಚಿಕೊಂಡು, ಮುಖವನ್ನು ಕಿಟಕಿಗೆ ತಿರುಗಿಸಿ, ಸಿರುಗುಪ್ಪ ಬರುವವರೆಗೂ ಅತ್ತ.