ಇಸ್ತ್ರಿ ದೊಡ್ಡಮ್ಮ

"ನಮ್ಮಮ್ಮನಿಗೆ ಇಲ್ಲಿ ಊಟ ಹಾಕ್ತೀರಂತೆ?"

ಪ್ರಯೋಗಾಲಯದ ಬಾಗಿಲಲ್ಲಿ ನಿಂತವಳು ಬಸ್ ಕಂಡಕ್ಟರ್. ಡ್ಯೂಟಿ ಮುಗಿಸಿ ನೇರ ಬಂದಿದ್ದಳು. ಹೆಗಲಲ್ಲಿ ಚರ್ಮದ ಚೀಲ ಹಾಗೇ ಇತ್ತು. ವಿಜ್ಞಾನಿ ಕೈಯಲ್ಲಿದ್ದ ಸೀಸೆಯನ್ನು ಮೇಜಿನ ಮೇಲಿಟ್ಟು ತಿರುಗಿದಳು.

ಊರವರ ಬಟ್ಟೆ ಇಸ್ತ್ರಿ ಮಾಡಿ ಮಗಳನ್ನು ಓದಿಸಿದ್ದ ತಾಯಿಯನ್ನು ಆಸ್ಪತ್ರೆಯ ವಾರ್ಡಿನಲ್ಲಿ ಎಲ್ಲರೂ ಇಸ್ತ್ರಿ ದೊಡ್ಡಮ್ಮ ಎನ್ನುತ್ತಿದ್ದರು. ಸಾಯುವ ಮುನ್ನ ಆಕೆ ತನ್ನ ಕ್ಯಾನ್ಸರ್ ಗಡ್ಡೆಯ ಒಂದು ಚೂರನ್ನು ಸಂಶೋಧನೆಗೆ ಕೊಟ್ಟಿದ್ದಳು. "ನಂಗಾಗದಿದ್ರೆ ಇನ್ಯಾರಿಗಾದ್ರೂ ಆಗ್ಲಿ ಬಿಡಮ್ಮ" ಎಂದಿದ್ದಳು. ಆ ಚೂರಿನ ಜೀವಕೋಶಗಳು ಸೀಸೆಗಳಲ್ಲಿ ಇನ್ನೂ ಬೆಳೆಯುತ್ತಿದ್ದವು. ಅವಕ್ಕೆ ಆಗಾಗ ಹೊಸ ಪೋಷಕದ್ರವ ಹಾಕಬೇಕು. ಅಲ್ಲಿಯ ಮಂದಿ ಪ್ರೀತಿಯಿಂದ ಅವಕ್ಕೂ ಅದೇ ಹೆಸರಿಟ್ಟು ಚೀಟಿ ಅಂಟಿಸಿದ್ದರು. "ಇಸ್ತ್ರಿ ದೊಡ್ಡಮ್ಮಂಗೆ ಊಟ ಆಯ್ತಾ?" ಎಂದು ಆಸ್ಪತ್ರೆಯ ಪಡಸಾಲೆಯಲ್ಲಿ ಯಾರೋ ಕೇಳಿದ್ದು ಮಗಳ ಕಿವಿಗೆ ಬಿದ್ದಿತ್ತು.

ಮನೆಯವರು ಬೇಡವೆಂದರೆ ಎಲ್ಲವನ್ನೂ ನಾಶ ಮಾಡುತ್ತೇನೆಂದು ವಿಜ್ಞಾನಿ ಅಂದೇ ದೊಡ್ಡಮ್ಮನಿಗೆ ಮಾತು ಕೊಟ್ಟಿದ್ದಳು. ಹಾಗಾದರೆ ಆ ಕೋಶಗಳ ಮೇಲೆ ಪರೀಕ್ಷಿಸುತ್ತಾ ಅರ್ಧ ದಾರಿಗೆ ಬಂದ ಔಷಧಿ ಅಲ್ಲೇ ನಿಲ್ಲುತ್ತದೆ.

"ಏನೋ ಒಂದು ಹೇಳಿ ಸಾಗಹಾಕಿ ಮೇಡಂ, ಅವಳಿಗೇನು ಗೊತ್ತಾಗುತ್ತೆ" ಎಂದು ಸಹೋದ್ಯೋಗಿ ಪಿಸುಗುಟ್ಟಿದ.

ವಿಜ್ಞಾನಿಗೆ ಮೈ ಉರಿಯಿತು. ಸತ್ತವಳ ಮಾಂಸ ಬೇಕು, ಬದುಕಿರುವವಳ ಪ್ರಶ್ನೆ ಬೇಡ. ಯಂತ್ರ ಮಾರಿದ ಕಂಪನಿಗೂ ಕೃತಜ್ಞತೆ ಹೇಳುವ ತಮ್ಮ ಸಂಶೋಧನಾ ಲೇಖನಗಳಲ್ಲಿ ಇಸ್ತ್ರಿಯವಳಿಗೆ ಒಂದು ಸಾಲೂ ಇರಲಿಲ್ಲ.

"ಬನ್ನಿ, ನೀವೇ ನೋಡಿ" ಎಂದು ಸೀಸೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಅದರ ಮುಂದೆ ಸ್ಟೂಲು ಎಳೆದಳು.

ಕಂಡಕ್ಟರ್ ಕಣ್ಣಿಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ.

"ಇದು ನಮ್ಮಮ್ಮ ಅಲ್ಲ ಮೇಡಂ, ನಮ್ಮಮ್ಮನ್ನ ತಿಂದಿದ್ದು. ಅವಳಿಗೆ ಗುಟುಕು ನೀರು ಇಳೀದೆ ಇದ್ದಾಗ ಇದು ಉಂಡ್ಕೊಂಡು ಕೂತಿತ್ತು. ಇವತ್ತೂ ಕೂತಿದೆ, ಟಿಕೆಟ್ಟೇ ಇಲ್ದೆ. ಇದಕ್ಕೆ ಅವಳ ಹೆಸರಾ?"

ಇಷ್ಟು ಓದಿದವರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

"ತಪ್ಪಾಯ್ತಮ್ಮ" ಎಂದಳು ವಿಜ್ಞಾನಿ. "ಆದ್ರೆ ಇದನ್ನ ಸಾಕ್ತಿರೋದೇ ಕೊಲ್ಲೋದು ಹೇಗಂತ ಕಲಿಯೋಕೆ." ಔಷಧಿ ಹಾಕಿದ ಕೋಶಗಳ ತಟ್ಟೆಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. "ಮುದುಡಿ ತೇಲ್ತಿರೋವು ಸತ್ತಿವೆ. ಅಂಟ್ಕೊಂಡಿರೋವು ಇನ್ನೂ ಜಗ್ಗಿಲ್ಲ. ಅವನ್ನೂ ಮುಗಿಸ್ಬೇಕಾದ್ರೆ ಈ ಸೀಸೆ ಬೇಕು. ನಾನು ಇಲ್ಲಿವರೆಗೆ ಬಂದಿರೋದು ನಿಮ್ಮಮ್ಮನಿಂದ. ಆ ತಾಯಿಗೆ ಹೇಳೋಕಾಗ್ಲಿಲ್ಲ, ನಿಮಗೆ ಹೇಳ್ತಿದೀನಿ. ಬೇಡ ಅಂದ್ರೆ ಈಗ್ಲೇ ನಾಶ ಮಾಡ್ತೀನಿ."

ಕಂಡಕ್ಟರ್ ಮತ್ತೆ ಬಗ್ಗಿ ನೋಡಿದಳು.

"ಇಷ್ಟು ಸತ್ತಿದಾವಲ್ಲ" ಎಂದಳು ಮೆಲ್ಲಗೆ. "ಅವಳು ನೋಡ್ಬೇಕಿತ್ತು." ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಬೇಡ ಅಕ್ಕ, ನಾಶ ಮಾಡ್ಬೇಡಿ. ಹೊಟ್ಟೆ ತುಂಬ ಹಾಕಿ ಕೊಲ್ಲಿ. ಹೆಸರು ಮಾತ್ರ ತೆಗೀರಿ."

"ಮತ್ತೆ ಏನಂತ ಕರೀಲಿ?"

"ಟಿಕೆಟ್ ಇಲ್ದವನು ಅನ್ನಿ."

ಮೊದಲು ನಕ್ಕವನು ಪಿಸುಗುಟ್ಟಿದ್ದ ಸಹೋದ್ಯೋಗಿಯೇ.

ಟಿಕೆಟ್ ಹರಿದು ಪಳಗಿದ ಉಗುರಿನಿಂದ ಅವಳು ಸೀಸೆಯ ಚೀಟಿಯನ್ನು ಹರಿಯದಂತೆ ಎಬ್ಬಿಸಿದಳು. ಎಲ್ಲಿಡಲಿ ಎಂದು ಅತ್ತಿತ್ತ ನೋಡಿದಾಗ ವಿಜ್ಞಾನಿ ಔಷಧಿಯ ಪುಟ್ಟ ಬಾಟಲಿಯನ್ನು ಅವಳತ್ತ ಸರಿಸಿದಳು. ಕಂಡಕ್ಟರ್ ಚೀಟಿಯನ್ನು ಅದಕ್ಕೆ ಅಂಟಿಸಿ, ಒಂದು ಸುಕ್ಕೂ ಉಳಿಯದಂತೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಸವರಿದಳು.